ಎಚ್ಚರವಾಗಿ ಮಲ್ಕೋ: ಮೂರು ತಲೆಮಾರು ದಾಟಿ ಬಂದ ಒಂದು ಭಯ

ಹುಡುಗಿಗೆ 9 ವರ್ಷ. ರಾತ್ರಿ ಮೂರು ನಾಲ್ಕು ಸಲ ಏಳುತ್ತಾಳೆ. ಎದ್ದವಳು ನೀರು ಕೇಳುವುದಿಲ್ಲ, ಅಳುವುದಿಲ್ಲ, ಅಮ್ಮನನ್ನು ಕರೆಯುವುದೂ ಇಲ್ಲ. ಪಕ್ಕದಲ್ಲಿ ಮಲಗಿರುವ ತಮ್ಮನ ಮೂಗಿನ ಕೆಳಗೆ ಬೆರಳು ಹಿಡಿಯುತ್ತಾಳೆ. ಬೆಚ್ಚಗೆ ಉಸಿರು ತಾಗಿದರೆ ಮತ್ತೆ ಮಲಗುತ್ತಾಳೆ. ತಾಗಿದ್ದು ಖಾತ್ರಿಯಾಗದಿದ್ದರೆ ಅವನನ್ನು ಅಲುಗಾಡಿಸಿ ಎಬ್ಬಿಸುತ್ತಾಳೆ. ತಮ್ಮನಿಗೆ 4 ವರ್ಷ. ಅವನು ಎದ್ದು ರಂಪ ಮಾಡುತ್ತಾನೆ, ಮನೆಯೆಲ್ಲ ಏಳುತ್ತದೆ. ಬೆಳಿಗ್ಗೆ ಹುಡುಗಿ ಶಾಲೆಯಲ್ಲಿ ತೂಕಡಿಸುತ್ತಾಳೆ.

ಇದು ಮೂರು ತಿಂಗಳು ನಡೆದ ಮೇಲೆ ತಾಯಿ ನನ್ನ ಹತ್ತಿರ ಬಂದರು. ನಾನು ಕುಟುಂಬಗಳ ಜೊತೆ ಕೆಲಸ ಮಾಡುವ ಆಪ್ತ ಸಮಾಲೋಚಕಿ. ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಹೆಸರುಗಳ ಗೊಡವೆ ಬೇಡ, ಅಜ್ಜಿ, ತಾಯಿ, ಹುಡುಗಿ ಅಂತಲೇ ಕರೆಯುತ್ತೇನೆ. ಕೆಲಸ ಚೆನ್ನಾಗಿ ಆಯಿತು ಅಂತ ತೋರಿಸುವುದಕ್ಕೆ ಬರೆದದ್ದಲ್ಲ ಇದು. ಎರಡು ಮೂರು ಕಡೆ ನಾನೇ ಎಡವಿದ್ದೇನೆ, ಕಲಿಯುವುದಕ್ಕೆ ಜಾಸ್ತಿ ಇರುವುದು ಅಲ್ಲೇ.

ಹಿನ್ನೆಲೆ

ತಾಯಿಗೆ 36 ವರ್ಷ, ಕೆಲಸಕ್ಕೆ ಹೋಗುತ್ತಾರೆ. ತಂದೆಯದು ಪಾಳಿಯ ಕೆಲಸ, ವಾರದಲ್ಲಿ ಅರ್ಧ ರಾತ್ರಿಗಳು ಮನೆಯಲ್ಲಿ ಇರುವುದಿಲ್ಲ. ಮನೆಯಲ್ಲಿ ಹೊಡೆತ ಬಡಿತ, ಕುಡಿತ, ಜಗಳ ಏನೂ ಇಲ್ಲ. ಮಕ್ಕಳ ಡಾಕ್ಟರ್ ನೋಡಿ ದೇಹದಲ್ಲಿ ತೊಂದರೆ ಇಲ್ಲ ಅಂದಿದ್ದರು. ಇದೆಲ್ಲ ಶುರುವಾಗುವ ಮುಂಚೆ ತಮ್ಮನಿಗೆ ಮೂರು ದಿನ ಜ್ವರ ಬಂದಿತ್ತು. "ಮಾಮೂಲಿ ಜ್ವರ ಮೇಡಂ, ಔಷಧಿ ಹಾಕಿದ್ಮೇಲೆ ಇಳೀತು" ಅಂದರು ತಾಯಿ.

ಮೊದಲ ದಿನದ ಟಿಪ್ಪಣಿಯಲ್ಲಿ ನಾನು ಒಂದು ಸಾಲು ಬರೆದಿದ್ದೆ: "ತಾಯಿಯ ತಾಯಿ (67) ನಾಲ್ಕು ತಿಂಗಳಿಂದ ಜೊತೆಗಿದ್ದಾರೆ, ಗಂಡ ತೀರಿಕೊಂಡ ಮೇಲೆ ಬಂದವರು." ಬರೆದು ಮುಂದಕ್ಕೆ ಹೋದೆ. ಅಜ್ಜಿ ಬಂದು ನಾಲ್ಕು ತಿಂಗಳು, ಹುಡುಗಿಯ ತೊಂದರೆ ಶುರುವಾಗಿ ಮೂರು. ಎರಡೂ ಅಂಕಿ ಒಂದೇ ಪುಟದಲ್ಲಿದ್ದವು. ನಾನು ಜೋಡಿಸಲಿಲ್ಲ.

ಮೊದಲ ಪ್ರಯತ್ನ

ನನಗೆ ಆಗ ಕಂಡದ್ದು ಸರಳವಾದ ಚಿತ್ರ. ತಮ್ಮನಿಗೆ ಜ್ವರ ಬಂತು, ದೊಡ್ಡವರು ಗಾಬರಿಯಾದರು, ಮಗು ಅದನ್ನು ನೋಡಿ ಹೆದರಿತು. ಹಾಗಾಗಿ ಮಗುವಿನ ಆತಂಕಕ್ಕೆ ಮಾಡುವುದನ್ನೇ ಮಾಡಿದೆ. ಭಯ ಅಂದರೆ ಏನು, ಮೈಯಲ್ಲಿ ಅದು ಎಲ್ಲಿ ಗೊತ್ತಾಗುತ್ತದೆ ಅಂತ ಚಿತ್ರ ಬರೆಸಿದೆ. ಎಚ್ಚರವಾದಾಗ ಕೂಡಲೇ ಬೆರಳು ಹಿಡಿಯದೆ ಐದು ನಿಮಿಷ ಕಾಯುವುದು, ಆಮೇಲೆ ಹತ್ತು ನಿಮಿಷ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ಎರಡು ವಾರ ಚೆನ್ನಾಗೇ ನಡೆಯಿತು. ಮೂರನೇ ವಾರ ಮತ್ತೆ ಶುರುವಿನ ಜಾಗಕ್ಕೇ ಬಂದಳು.

ಯಾಕೆ ಅಂತ ಕೇಳಿದೆ. ಹುಡುಗಿ ಬಹಳ ಸಹಜವಾಗಿ ಹೇಳಿದಳು: "ನಾನು ಕಾಯ್ತಾ ಇರ್ತೀನಿ. ಅಷ್ಟರಲ್ಲಿ ಅಮ್ಮ ಬರ್ತಾಳೆ. ಅವಳು ತಮ್ಮನ್ನ ನೋಡ್ತಾಳೆ, ಆಮೇಲೆ ನನ್ನ ನೋಡ್ತಾಳೆ."

"ನಿನ್ನನ್ನ ಹೇಗೆ ನೋಡ್ತಾರೆ?"

ಅವಳು ತನ್ನ ತೋರುಬೆರಳನ್ನು ತನ್ನ ಮೂಗಿನ ಕೆಳಗೆ ಇಟ್ಟು ತೋರಿಸಿದಳು. "ನಾನು ಕಣ್ಣು ಮುಚ್ಕೊಂಡು ಜೋರಾಗಿ ಉಸಿರು ಬಿಡ್ತೀನಿ. ಆಗ ಬೇಗ ಹೋಗ್ತಾಳೆ."

ಅಮ್ಮನಿಗೆ ಸಮಾಧಾನ ಆಗಲಿ ಅಂತ ನಿದ್ದೆಯ ನಟನೆ ಮಾಡಿ ಉಸಿರನ್ನು ಜೋರು ಮಾಡುವ ಮಗು. ಕಾಯಿಲೆ ಅಂತ ನನ್ನ ಮುಂದೆ ಕೂರಿಸಿದ್ದು ಅವಳನ್ನು ಮಾತ್ರ. ರಾತ್ರಿ ಕಾವಲು ಕಾಯುತ್ತಿದ್ದವರು ಇಬ್ಬರು.

ಎರಡನೇ ಪ್ರಯತ್ನ, ನನ್ನ ತಪ್ಪು

ಮಕ್ಕಳ ಆತಂಕದಲ್ಲಿ ಹೆತ್ತವರ ನಡವಳಿಕೆ ಬದಲಿಸಿದರೆ ಮಗು ಸುಧಾರಿಸುತ್ತದೆ ಅನ್ನುವುದು ಹೊಸ ವಿಷಯ ಅಲ್ಲ. ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೋವಿಟ್ಜ್ ಅವರ ತಂಡ ಮಗುವನ್ನು ಬಿಟ್ಟು ಬರೀ ಹೆತ್ತವರ ಜೊತೆ ಕೆಲಸ ಮಾಡಿ, ಮಗುವಿಗೇ ಚಿಕಿತ್ಸೆ ಕೊಟ್ಟಷ್ಟೇ ಫಲ ಬಂದದ್ದನ್ನು ತೋರಿಸಿದೆ. ಅದು ತಲೆಯಲ್ಲಿತ್ತು. ತಾಯಿಯನ್ನು ಕರೆದು, ರಾತ್ರಿ ಎದ್ದು ಉಸಿರು ನೋಡುವುದನ್ನು ನಿಲ್ಲಿಸಿ ಅಂದೆ. ಇಷ್ಟೇ ಮಾತು. ಪೂರ್ವ ತಯಾರಿ ಇಲ್ಲ, ಯಾಕೆ ನೋಡುತ್ತೀರಿ ಅಂತ ಒಂದು ಪ್ರಶ್ನೆಯೂ ಇಲ್ಲ.

ಅವರು ನಾಲ್ಕು ರಾತ್ರಿ ತಡೆದುಕೊಂಡರು. ಐದನೇ ದಿನ ಫೋನ್ ಮಾಡಿ ಆ ವಾರದ ಭೇಟಿ ಬೇಡ ಅಂದರು. ಮುಂದಿನ ವಾರವೂ ಬರಲಿಲ್ಲ.

ಲೆಬೋವಿಟ್ಜ್ ತಂಡದ ವಿಧಾನದಲ್ಲಿ ದೋಷ ಇರಲಿಲ್ಲ. ನಾನು ಅದನ್ನು ಹೇಳಿದ ರೀತಿ ತಪ್ಪಾಗಿತ್ತು. ತಾಯಿ ಉಸಿರು ನೋಡುವುದನ್ನು ನಾನು ಒಂದು ಅಭ್ಯಾಸ ಅಂದುಕೊಂಡಿದ್ದೆ, ಉಗುರು ಕಚ್ಚುವ ಹಾಗೆ. ಅವರ ಪಾಲಿಗೆ ಮಕ್ಕಳು ಬೆಳಿಗ್ಗೆವರೆಗೆ ಬದುಕಿರುವುದೇ ಆ ಬೆರಳಿನಿಂದ. ಅದನ್ನು ತೆಗೆಯಿರಿ ಅಂದರೆ ಯಾರು ತೆಗೆಯುತ್ತಾರೆ?

ಮೂರನೇ ವಾರ ನಾನೇ ಫೋನ್ ಮಾಡಿದೆ. ಅವಸರ ಮಾಡಿದ್ದು ನನ್ನ ತಪ್ಪು ಅಂತ ನೇರವಾಗಿ ಹೇಳಿದೆ. ಬಂದರು. ಆ ದಿನ ಬೇರೆ ಪ್ರಶ್ನೆಯಿಂದ ಶುರು ಮಾಡಿದೆ: ನೀವು ಚಿಕ್ಕವರಿದ್ದಾಗ ರಾತ್ರಿಗಳು ಹೇಗಿರುತ್ತಿದ್ದವು?

"ಹೇಗೆ ಅಂದ್ರೆ, ಎಲ್ಲರ ಮನೆ ಥರಾನೇ. ಅಮ್ಮ ಎದ್ದು ಬಂದು ಉಸಿರು ನೋಡ್ತಿದ್ಳು. ಎಲ್ಲ ಅಮ್ಮಂದಿರೂ ನೋಡ್ತಾರಲ್ವಾ?"

ನಾನು ಉತ್ತರ ಕೊಡಲಿಲ್ಲ. ಮಲಗುವಾಗ ನಿಮ್ಮ ಮನೆಯಲ್ಲಿ ಒಬ್ಬರಿಗೊಬ್ಬರು ಏನು ಹೇಳುತ್ತೀರಿ ಅಂತ ಕೇಳಿದೆ.

"ಎಚ್ಚರವಾಗಿ ಮಲ್ಕೋ."

ಹೇಳಿದವರು ಅಲ್ಲೇ ನಿಂತರು. ಬಾಯಿಂದ ಹೊರಗೆ ಬಂದ ಮೇಲೆ ಮೊದಲ ಸಲ ಅದನ್ನು ಕೇಳಿಸಿಕೊಂಡ ಹಾಗಿತ್ತು. ಎಚ್ಚರವಾಗಿ ಇರಬಹುದು, ಮಲಗಬಹುದು. ಎರಡೂ ಒಟ್ಟಿಗೆ ಹೇಗೆ? ಆ ಮನೆಯಲ್ಲಿ ಮೂರು ತಲೆಮಾರಿನ ಮಕ್ಕಳು ದಿನಾ ರಾತ್ರಿ ಈ ಮಾತು ಕೇಳಿಕೊಂಡೇ ಕಣ್ಣು ಮುಚ್ಚಿದ್ದಾರೆ.

ಕಾಗದದ ಮೇಲೆ ಒಂದು ಖಾಲಿ ಚೌಕ

ಜೀನೋಗ್ರಾಮ್ ಅಂತ ಒಂದು ಸಾಧನ ಇದೆ. ಮರ್ರೆ ಬೋವೆನ್ ಅವರ ಕುಟುಂಬ ಚಿಕಿತ್ಸೆಯ ಪರಂಪರೆಯಿಂದ ಬಂದದ್ದು. ವಂಶವೃಕ್ಷದ ಹಾಗೇ, ಆದರೆ ಯಾರಿಗೆ ಯಾರ ಜೊತೆ ನಂಟು, ಎಲ್ಲಿ ಬಿರುಕು, ಯಾರು ಯಾವಾಗ ಹೋದರು ಅನ್ನುವುದನ್ನೂ ಗುರುತು ಹಾಕುತ್ತೇವೆ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ತೀರಿಕೊಂಡವರಿಗೆ ಒಳಗೆ X ಆಕಾರದ ಗೀಟು. ಇದನ್ನು ನಾನು ಮೊದಲ ವಾರವೇ ಮಾಡಬೇಕಿತ್ತು.

ಅಜ್ಜಿಯ ಸಾಲಿಗೆ ಬಂದಾಗ ತಾಯಿ, "ಅಮ್ಮ ಒಬ್ಬಳೇ ಮಗಳು" ಅಂದರು. ನಾನು ಒಂದೇ ವೃತ್ತ ಹಾಕಿದೆ. ಸ್ವಲ್ಪ ಹೊತ್ತಾದ ಮೇಲೆ, "ಅಲ್ಲ, ಒಬ್ಬ ತಮ್ಮ ಇದ್ದ ಅಂತ ದೊಡ್ಡಮ್ಮ ಯಾವತ್ತೋ ಹೇಳಿದ್ರು. ಚಿಕ್ಕವನಿದ್ದಾಗ್ಲೇ ಹೋದ್ನಂತೆ." ಹೆಸರು? ಗೊತ್ತಿಲ್ಲ. ವಯಸ್ಸು? ಗೊತ್ತಿಲ್ಲ. ಏನಾಗಿತ್ತು? "ಕೇಳೋ ಹಾಗಿರಲಿಲ್ಲ. ಯಾರೂ ಬೇಡ ಅಂದಿಲ್ಲ, ಆದ್ರೂ ಕೇಳೋ ಹಾಗಿರಲಿಲ್ಲ." ಒಂದು ಸಣ್ಣ ಚೌಕ ಬರೆದು ಗೀಟು ಎಳೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಇಟ್ಟೆ.

ಮುಂದಿನ ವಾರ ತಾಯಿ ಬಂದದ್ದು ಅಳುತ್ತಾ. ರಾತ್ರಿಯೆಲ್ಲ ಮೊಬೈಲಿನಲ್ಲಿ ವಿಡಿಯೋ ನೋಡಿದ್ದರು. ಹಿರಿಯರ ನೋವು ಜೀನ್‌ನಲ್ಲೇ ಇಳಿದು ಬರುತ್ತದೆ ಅಂತ ಅದರಲ್ಲಿ ಹೇಳಿದ್ದರಂತೆ. "ರಕ್ತದಲ್ಲೇ ಬಂದುಬಿಟ್ಟಿದ್ಯಂತೆ ಮೇಡಂ. ನನ್ನ ಮಗಳಿಗೆ ನಾನೇ ಕೊಟ್ಟಿದ್ದೀನಿ."

ಆ ದಿನದ ಭೇಟಿಯ ಅರ್ಧ ಭಾಗ ಇದಕ್ಕೇ ಹೋಯಿತು. ಹೋದದ್ದು ಒಳ್ಳೆಯದೇ ಆಯಿತು. ಅವರಿಗೆ ಹೇಳಿದ್ದನ್ನು ಇಲ್ಲೂ ಹೇಳುತ್ತೇನೆ. ಯಹೂದಿ ನರಮೇಧದಲ್ಲಿ ಬದುಕಿ ಉಳಿದವರ ಮಕ್ಕಳಲ್ಲೂ ತೀವ್ರ ತೊಂದರೆ ಕಾಣುತ್ತಿದೆ ಅಂತ ಕೆನಡಾದ ಮನೋವೈದ್ಯ ವಿವಿಯನ್ ರಾಕಾಫ್ 1966ರಲ್ಲೇ ಬರೆದಿದ್ದರು. ಜೀನ್ ಮಾತು ಇಷ್ಟು ಹರಡಿದ್ದು ಬಹಳ ಆಮೇಲೆ, ನ್ಯೂಯಾರ್ಕಿನ ರೇಚಲ್ ಯಹೂದಾ ಅವರ ತಂಡದ ಅಧ್ಯಯನದಿಂದ. ಒತ್ತಡದ ಹಾರ್ಮೋನಿಗೆ ಸಂಬಂಧಪಟ್ಟ ಒಂದು ಜೀನ್ ಮೇಲಿನ ರಾಸಾಯನಿಕ ಗುರುತು ಬದುಕಿ ಉಳಿದವರಲ್ಲೂ ಅವರ ಮಕ್ಕಳಲ್ಲೂ ಬೇರೆ ಥರ ಇತ್ತು ಅಂತ 2016ರಲ್ಲಿ ಅದು ಪ್ರಕಟವಾಯಿತು. ಆದರೆ ಅದರಲ್ಲಿದ್ದವರು 32 ಜನ ಹಿರಿಯರು, 22 ಮಕ್ಕಳು. ಅಷ್ಟು ಸಣ್ಣ ಗುಂಪಿನಿಂದ ಒಂದು ಮನೆಯ ಹಣೆಬರಹ ಓದಲಾಗುವುದಿಲ್ಲ. ಇನ್ನೊಂದು ಕಡೆ, 2003ರಲ್ಲಿ ನೆದರ್‌ಲೆಂಡ್ಸ್‌ನ ವ್ಯಾನ್ ಐಜೆಂಡೋರ್ನ್ ಮತ್ತು ಜೊತೆಗಾರರು ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಚಿಕಿತ್ಸೆಗೆ ಅಂತ ಬಂದವರನ್ನು ಬಿಟ್ಟು ಸಾಮಾನ್ಯ ಕುಟುಂಬಗಳಲ್ಲಿ ಎರಡನೇ ತಲೆಮಾರಿಗೆ ಆಘಾತ ದಾಟಿದ ಪುರಾವೆ ಸಿಗಲಿಲ್ಲ. ಅಂದರೆ ಅಷ್ಟು ದೊಡ್ಡ ನೋವಿನ ಮನೆಗಳಲ್ಲೂ ಬಹಳ ಮಕ್ಕಳು ಚೆನ್ನಾಗೇ ಬೆಳೆದಿದ್ದಾರೆ.

ಆಮೇಲೆ ಇಲಿಗಳ ಕಥೆ ಹೇಳಿದೆ. ಮಾಂಟ್ರಿಯಲ್‌ನಲ್ಲಿ ಮೈಕೆಲ್ ಮೀನಿ ಅವರ ತಂಡ ಗಮನಿಸಿದ್ದು ಇದು: ಕೆಲವು ತಾಯಿ ಇಲಿಗಳು ಮರಿಗಳನ್ನು ಜಾಸ್ತಿ ನೆಕ್ಕುತ್ತವೆ, ಕೆಲವು ಕಮ್ಮಿ. ಕಮ್ಮಿ ನೆಕ್ಕಿಸಿಕೊಂಡ ಮರಿಗಳು ಅಂಜುಬುರುಕ ಆಗುತ್ತವೆ, ತಾವು ತಾಯಿಯಾದಾಗಲೂ ಕಮ್ಮಿಯೇ ನೆಕ್ಕುತ್ತವೆ. ಹುಟ್ಟಿನಿಂದ ಬಂದದ್ದಾ ಅಂತ ನೋಡಲು ಮರಿಗಳನ್ನು ಅದಲು ಬದಲು ಮಾಡಿದರು. 1999ರಲ್ಲಿ ಬಂದ ಆ ವರದಿಯ ಪ್ರಕಾರ ಮರಿಗಳು ಹೆತ್ತವಳ ಹಾಗೆ ಆಗಲಿಲ್ಲ, ಸಾಕಿದವಳ ಹಾಗೆ ಆದವು.

ಇದನ್ನು ಕೇಳಿ ಅವರಿಗೆ ಸಮಾಧಾನ ಆಗುತ್ತದೆ ಅಂದುಕೊಂಡಿದ್ದೆ. "ಹಾಗಾದ್ರೆ ರಕ್ತದ್ದಲ್ಲ, ತಪ್ಪು ನಂದೇ ಆಯ್ತಲ್ಲ" ಅಂದರು.

ಒಳ್ಳೆಯ ಪೆಟ್ಟು. ನನಗೆ ತಕ್ಷಣ ಮಾತು ಬರಲಿಲ್ಲ. ಕೊನೆಗೆ ಕೇಳಿದೆ, ನಿಮಗೆ ಇದನ್ನು ಯಾರಾದರೂ ಕೂರಿಸಿ ಕಲಿಸಿದರಾ? ಇಲ್ಲ. ಮಗಳಿಗೆ ನೀವು ಕಲಿಸಿದಿರಾ? ಇಲ್ಲ. ಮೂಗಿನ ಕೆಳಗೆ ಬೆರಳು ಬಂತು, ಹೋಯಿತು, ಅಷ್ಟೇ. ಅವರು ತಮ್ಮ ಕೈಯನ್ನೇ ಬಹಳ ಹೊತ್ತು ನೋಡಿಕೊಂಡು ಕೂತರು.

ಅಜ್ಜಿಯನ್ನು ಕರೆಯುವ ತೀರ್ಮಾನ

ತಾಯಿಗೆ ಆ ದಿನವೇ ಮನೆಗೆ ಹೋಗಿ ಕೇಳಿಬಿಡುವ ಅವಸರ. ನಾನು ತಡೆದೆ. ಐವತ್ತಕ್ಕೂ ಹೆಚ್ಚು ವರ್ಷ ಬಾಯಿ ಮುಚ್ಚಿದವರನ್ನು ಊಟದ ಹೊತ್ತಿಗೆ, ಮಕ್ಕಳ ಮುಂದೆ ಕೇಳಿದರೆ ಎರಡು ರೀತಿ ಆಗಬಹುದು. ಬಾಗಿಲು ಇನ್ನೂ ಗಟ್ಟಿಯಾಗಿ ಮುಚ್ಚಬಹುದು. ಇಲ್ಲ ಎಲ್ಲ ಒಮ್ಮೆಗೇ ಹೊರಗೆ ಬಂದು ಮಕ್ಕಳ ಮೇಲೆ ಬೀಳಬಹುದು. ಮೌನ ಕೆಟ್ಟದ್ದು, ಮಾತಾಡಿದರೆ ಎಲ್ಲ ಸರಿ ಅಂತ ಸುಲಭವಾಗಿ ಹೇಳುತ್ತೇವೆ. ಹೊತ್ತುಗೊತ್ತಿಲ್ಲದ ಮಾತೂ ಮಕ್ಕಳಿಗೆ ಅಷ್ಟೇ ಭಾರ.

ಅಜ್ಜಿ ಬಂದರು. ನೆಟ್ಟಗೆ ಕೂತ, ಮಾತು ಕಮ್ಮಿಯ ಹೆಂಗಸು. ತಮ್ಮನ ವಿಷಯ ಎತ್ತಿದ ಕೂಡಲೇ "ಅದೆಲ್ಲ ಹಳೇದು, ಬಿಡಿ" ಅಂದರು. ಬಿಟ್ಟೆ. ಮೊಮ್ಮಗಳ ನಿದ್ದೆಯ ಬಗ್ಗೆ ಮಾತಾಡಿದೆವು. ಮಕ್ಕಳನ್ನು ರಾತ್ರಿ ನೋಡಿಕೊಳ್ಳುವುದು ನಿಮಗೆ ಗೊತ್ತು, ನನಗೆ ಸಹಾಯ ಮಾಡಿ ಅಂತ ಕೇಳಿದೆ. ಅದು ತಂತ್ರ ಅಲ್ಲ, ನಿಜವಾಗಿಯೂ ಸಹಾಯ ಬೇಕಿತ್ತು.

ಎರಡನೇ ಸಲ ಬಂದಾಗ ಮಗಳು ಪಕ್ಕದಲ್ಲಿದ್ದರು, ಮಕ್ಕಳು ಇರಲಿಲ್ಲ. ಅಜ್ಜಿಯೇ ಶುರು ಮಾಡಿದರು. ಆಗ ಅವರಿಗೆ 10 ವರ್ಷ, ತಮ್ಮನಿಗೆ 3. ಜ್ವರ. ಅಮ್ಮನೂ ಹಾಸಿಗೆ ಹಿಡಿದಿದ್ದರು. ಎರಡು ರಾತ್ರಿ ಕೂತಿದ್ದ ಅಪ್ಪ ಮೂರನೇ ರಾತ್ರಿ, "ನೋಡ್ಕೊಂಡಿರು, ಮಲಗಬೇಡ" ಅಂತ ಹೇಳಿ ಒರಗಿದರು. ಹುಡುಗಿ ಎಷ್ಟೋ ಹೊತ್ತು ಕೂತಿದ್ದಳು. ಆಮೇಲೆ ಬೆಳಗಾಗಿತ್ತು.

"ಅಪ್ಪ ಹೊಡೀಲಿಲ್ಲ. ಬೈಲಿಲ್ಲ. ನೀನು ಎಚ್ಚರ ಇದ್ದಿದ್ರೆ, ಅಂದ್ರು. ಅಷ್ಟೇ. ಮುಂದೆ ಹೇಳಲಿಲ್ಲ."

ಆ ಮಾತನ್ನು ಅವರಪ್ಪ ಯಾವತ್ತೂ ಮುಗಿಸಲಿಲ್ಲ. ತಮ್ಮನ ಹೆಸರನ್ನೂ ಮನೆಯಲ್ಲಿ ಯಾರೂ ಎತ್ತಲಿಲ್ಲ. ಅಜ್ಜಿ ಇದನ್ನು ಗಂಡನಿಗೂ ಹೇಳಿರಲಿಲ್ಲ.

ತಾಯಿ ಅಪ್ಪಿಕೊಳ್ಳುತ್ತಾರೆ, ಇಬ್ಬರೂ ಅಳುತ್ತಾರೆ ಅಂತ ನೀವು ಅಂದುಕೊಂಡಿರಬಹುದು. ಹಾಗೇನೂ ಆಗಲಿಲ್ಲ. ಅವರಿಗೆ ಸಿಟ್ಟು ಬಂತು. "ನಂಗ್ಯಾಕಮ್ಮ ಹೇಳಲಿಲ್ಲ?" "ಹೇಳಿದ್ರೆ ನೀನೂ ಹೆದರ್ತಿದ್ದೆ." "ನಾನು ಹೆದರ್ಕೊಂಡೇ ಬೆಳೆದೆ. ಯಾಕೆ ಅಂತ ಮಾತ್ರ ಗೊತ್ತಿರಲಿಲ್ಲ." ನಾನು ಮಧ್ಯೆ ಹೋಗಲಿಲ್ಲ. ಆ ಸಿಟ್ಟಿಗೆ ಜಾಗ ಬೇಕಿತ್ತು.

ನಿಜವಾದ ತಿರುವು ಬಂದದ್ದು ಹೊರಡುವ ಹೊತ್ತಿಗೆ. ಮೊಮ್ಮಗನ ಜ್ವರದ ರಾತ್ರಿಗಳ ಬಗ್ಗೆ ನಾನು ಸುಮ್ನೆ ಕೇಳಿದೆ, ಯಾರು ಯಾರು ಎದ್ದಿದ್ದಿರಿ ಅಂತ. ತಾಯಿ ಎರಡು ರಾತ್ರಿ ಕೂತಿದ್ದರು. ಮೂರನೆಯದು ಅಜ್ಜಿಯ ಪಾಳಿ. "ನಂಗೆ ಕಣ್ಣು ಕೂರ್ತಿತ್ತು. ಮಗು ಎದ್ದಿದ್ಳು. ತಮ್ಮನ್ನ ಸ್ವಲ್ಪ ನೋಡ್ಕೊಂಡಿರು..." ಅಲ್ಲಿಗೆ ನಿಲ್ಲಿಸಿದರು. ಮುಖದ ಬಣ್ಣ ಹೋಯಿತು. ಮೂರನೇ ರಾತ್ರಿ, ಜ್ವರ, ಅಕ್ಕ, ತಮ್ಮ. ತಮಗೆ ಯಾರು ಕೊಟ್ಟಿದ್ದರೋ ಅದೇ ಮಾತಿನಲ್ಲಿ ಮೊಮ್ಮಗಳಿಗೆ ಕೊಟ್ಟಿದ್ದರು, ಅವರಿಗೇ ತಿಳಿಯದ ಹಾಗೆ. ಹುಡುಗಿ ಅದನ್ನು ಯಾರಿಗೂ ಹೇಳಿರಲಿಲ್ಲ. ಯಾರೂ ಆ ಕೆಲಸದಿಂದ ಅವಳನ್ನು ಬಿಡಿಸಿರಲೂ ಇಲ್ಲ. ಆ ರಾತ್ರಿಯಿಂದಲೂ ಅವಳು ಡ್ಯೂಟಿಯಲ್ಲಿದ್ದಳು.

ಅವತ್ತು 10 ವರ್ಷದ ಮಗುವಾಗಿದ್ದ ನಿಮಗೆ ಆ ಕೆಲಸ ಕೊಡಬಾರದಿತ್ತು ಅಂದೆ ಅಜ್ಜಿಗೆ. "ಇನ್ಯಾರಿಗೆ ಕೊಡ್ತಿದ್ರು?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಮಾಡಿದ್ದು

ಹುಡುಗಿಗೆ ಎಷ್ಟು ಹೇಳಬೇಕು ಅಂತ ಮೂವರೂ ಕೂತು ತೀರ್ಮಾನಿಸಿದೆವು. ಅಜ್ಜಿಗೆ ಒಬ್ಬ ತಮ್ಮ ಇದ್ದ, ಜ್ವರ ಬಂದು ತೀರಿಹೋದ, ಅಜ್ಜಿಗೆ ಬಹಳ ಹೆದರಿಕೆಯಾಯಿತು, ಅದಕ್ಕೇ ನಮ್ಮ ಮನೆಯಲ್ಲಿ ರಾತ್ರಿ ಉಸಿರು ನೋಡುತ್ತೇವೆ. ಇಷ್ಟೇ. ಅಪ್ಪನ ಅರ್ಧ ಮಾತನ್ನು ಬೇಕಂತಲೇ ಬಿಟ್ಟೆವು. ಹೇಳಿದ್ದು ಅಜ್ಜಿಯೇ, ನನ್ನ ಕೋಣೆಯಲ್ಲಿ. ಕೊನೆಯಲ್ಲಿ ಒಂದು ಮಾತು ಸೇರಿಸಿದರು: "ಆ ರಾತ್ರಿ ನಾನು ನಿಂಗೆ ತಮ್ಮನ್ನ ನೋಡ್ಕೋ ಅಂದಿದ್ದೆ. ಅದು ಮುಗೀತು. ಅದು ನಿನ್ನ ಕೆಲಸ ಅಲ್ಲ."

ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ. "ಅವನ ಹೆಸರೇನು?"

ಅಜ್ಜಿ ಹೆಸರು ಹೇಳಿದರು. ತಾಯಿ ಅದನ್ನು ಕೇಳಿದ್ದೂ ಅವತ್ತೇ ಮೊದಲು.

ತಾಯಿಯ ಕೆಲಸ ನಿಧಾನವಾಗಿ ನಡೆಯಿತು. ಈ ಸಲ ನಿಲ್ಲಿಸಿ ಅನ್ನಲಿಲ್ಲ. ನಾಲ್ಕು ಸಲ ನೋಡುವುದು ಮೂರಾಯಿತು, ಆಮೇಲೆ ಎರಡು, ಆಮೇಲೆ ಗೊತ್ತಾದ ಹೊತ್ತಿಗೆ ಒಂದೇ ಸಲ, ಬೆರಳು ಹಿಡಿಯದೆ ಬಾಗಿಲಲ್ಲಿ ನಿಂತು. ಆರು ವಾರ ಹಿಡಿಯಿತು. ತಂದೆ ಮನೆಯಲ್ಲಿದ್ದ ರಾತ್ರಿ ಆ ಒಂದು ಸಲವೂ ಅವರದೇ. ಅಲ್ಲಿಯವರೆಗೆ ತಂದೆಯನ್ನು ನಾನೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಇಂಥ ಪ್ರಕರಣಗಳಲ್ಲಿ ಅದೊಂದು ಮಾಮೂಲಿ ಮರೆವು.

ನಾಲ್ಕನೇ ವಾರದ ಹೊತ್ತಿಗೆ ಹುಡುಗಿ ರಾತ್ರಿಗೆ ಒಂದು ಸಲ ಏಳುತ್ತಿದ್ದಳು. ಎರಡು ತಿಂಗಳಿಗೆ ಹೆಚ್ಚಿನ ರಾತ್ರಿಗಳಲ್ಲಿ ಏಳುತ್ತಲೇ ಇರಲಿಲ್ಲ. ಎಂಟು ತಿಂಗಳ ನಂತರ ನೋಡಿದಾಗ, ತಮ್ಮನಿಗೆ ನೆಗಡಿಯಾದ ಎರಡು ರಾತ್ರಿ ಮಾತ್ರ ಎದ್ದಿದ್ದಳಂತೆ. ತಾಯಿ ಒಂದು ಸಲ ನೋಡುವುದನ್ನು ಬಿಟ್ಟಿಲ್ಲ. ಬಿಡಲೇಬೇಕು ಅಂತ ನನಗೂ ಅನಿಸಿಲ್ಲ.

ಕೆಲಸ ಕೆಟ್ಟದ್ದು ಅಜ್ಜಿಯ ವಿಷಯದಲ್ಲಿ. ಹೇಳಿಕೊಂಡ ಮೇಲೆ ಎರಡು ಮೂರು ವಾರ ಅವರಿಗೆ ನಿದ್ದೆಯೇ ಇಲ್ಲ, ಬಂದರೂ ಕೆಟ್ಟ ಕನಸು. ಗಂಡ ಹೋಗಿ ವರ್ಷವೂ ತುಂಬಿರಲಿಲ್ಲ, ಆ ದುಃಖದ ಮೇಲೆ ಇದು. ಇದನ್ನು ನಾನು ಮುಂಚೆಯೇ ಊಹಿಸಬೇಕಿತ್ತು. ಮಗುವಿಗೆ ಏನು ಹೇಳಬೇಕು, ತಾಯಿ ಹೇಗೆ ತಡೆದುಕೊಳ್ಳುತ್ತಾರೆ ಅಂತ ಯೋಜನೆ ಹಾಕಿದ್ದೆ. ಹೇಳುವವರು ಅವತ್ತು ರಾತ್ರಿ ಏನು ಮಾಡುತ್ತಾರೆ ಅಂತ ಯೋಚಿಸಿರಲಿಲ್ಲ. ಮನೋವೈದ್ಯರ ಹತ್ತಿರ ಕಳಿಸಿದೆ. ಒಂದು ಸಲ ಹೋಗಿ ಬಂದರು, ಮತ್ತೆ ಹೋಗಲಿಲ್ಲ.

ಈ ಪ್ರಕರಣವನ್ನು ಸಹೋದ್ಯೋಗಿಗಳ ಮುಂದೆ ಇಟ್ಟಾಗ ಒಬ್ಬರು ಕೇಳಿದರು, ಇದೆಲ್ಲ ಆ ಹಳೆಯ ಸಾವಿನಿಂದಲೇ ಅಂತ ಹೇಗೆ ಹೇಳುತ್ತೀರಿ? ಹೇಳಲಾಗುವುದಿಲ್ಲ. ಆತಂಕದ ಸ್ವಭಾವ ಸ್ವಲ್ಪ ಮಟ್ಟಿಗೆ ಹುಟ್ಟಿನಿಂದಲೂ ಬರುತ್ತದೆ, ಅವಳಿ ಮಕ್ಕಳ ಅಧ್ಯಯನಗಳು ಅದನ್ನು ತೋರಿಸಿವೆ. ಅಜ್ಜಿಯ ತಮ್ಮ ಬದುಕಿದ್ದರೂ ಈ ಹುಡುಗಿ ಹೀಗೇ ಏಳುತ್ತಿದ್ದಳೋ ಏನೋ. ಆದರೆ ಬೆರಳು ಹಿಡಿಯುವ ರೀತಿ, ಮಲಗುವಾಗಿನ ಮಾತು, "ನೋಡ್ಕೊಂಡಿರು" ಅನ್ನುವ ಅಪ್ಪಣೆ, ಇವು ಮೂರೂ ಒಂದು ಕೈಯಿಂದ ಇನ್ನೊಂದು ಕೈಗೆ ಬಂದದ್ದನ್ನು ನಾವು ನೋಡಿದೆವು. ಚಿಕಿತ್ಸೆಗೆ ಸಿಕ್ಕಿದ್ದೂ ಅವೇ. ನಡೆದುಹೋದ ಸಾವಿಗೆ ಯಾರೂ ಏನೂ ಮಾಡುವ ಹಾಗಿರಲಿಲ್ಲ.

ಆ ಮೇಲೆ ನನ್ನ ಮೊದಲ ಭೇಟಿಯ ನಮೂನೆಯಲ್ಲಿ ಎರಡು ಪ್ರಶ್ನೆ ಸೇರಿಸಿದ್ದೇನೆ. ಕಳೆದ ಒಂದು ವರ್ಷದಲ್ಲಿ ಮನೆಗೆ ಯಾರು ಬಂದರು, ಯಾರು ಹೋದರು? ಮಲಗುವಾಗ, ಹೊರಗೆ ಹೊರಡುವಾಗ, ಕಾಯಿಲೆ ಬಿದ್ದಾಗ ನಿಮ್ಮ ಮನೆಯಲ್ಲಿ ಯಾವ ಮಾತು ಹೇಳುತ್ತೀರಿ? ಎರಡನೆಯದಕ್ಕೆ ಹೆಚ್ಚಿನವರು ನಗುತ್ತಾರೆ, ಹೇಳುವಂಥದ್ದು ಏನಿಲ್ಲ ಅನ್ನುತ್ತಾರೆ. ಸ್ವಲ್ಪ ಕಾದರೆ ಹೇಳುತ್ತಾರೆ.

ಎಂಟು ತಿಂಗಳ ಭೇಟಿಗೆ ಅಜ್ಜಿಯೂ ಬಂದಿದ್ದರು. ಮಲಗುವಾಗಿನ ಮಾತನ್ನು ಬದಲಿಸಲು ತಾಯಿ ಒಂದು ವಾರ ಏನೇನೋ ಪ್ರಯತ್ನ ಮಾಡಿದ್ದರಂತೆ, ಮಕ್ಕಳು ನಕ್ಕರಂತೆ, ಈಗ ಯಾರೂ ಏನೂ ಹೇಳುವುದಿಲ್ಲವಂತೆ. "ಅಮ್ಮ ಮಾತ್ರ ಇನ್ನೂ ಅದನ್ನೇ ಹೇಳ್ತಾಳೆ" ಅಂದರು. ಅಜ್ಜಿ ತಲೆ ತಗ್ಗಿಸಿ ಸಣ್ಣಗೆ ನಕ್ಕರು.

"ನಿಮ್ಮ ನಿದ್ದೆ ಹೇಗಿದೆ?" ಅಂತ ಕೇಳಿದೆ.

"ನಂದು ಬಿಡಿ. ಮಗು ಮಲಗ್ತಾಳೆ."

ಫೈಲ್ ಮುಚ್ಚುವಾಗ ನೋಡಿದೆ, ಅದರ ಮೇಲೆ ಹುಡುಗಿಯ ಹೆಸರಿತ್ತು. ಅಜ್ಜಿಯ ಹೆಸರಿನಲ್ಲಿ ನಾನು ಒಂದು ಫೈಲ್ ತೆರೆದೇ ಇರಲಿಲ್ಲ.